ಉಳಿದ ಇಪ್ಪತ್ತು ದಿನ

ಆಸ್ಪತ್ರೆಯ ಅಡುಗೆಮನೆಯಲ್ಲಿ ಅವಳಿಗೆ ತೂಕದಮ್ಮ ಎಂದು ಹೆಸರು ಬಿದ್ದದ್ದು ಓದಿನ ಎರಡನೆಯ ವರ್ಷದಲ್ಲಿ. ಅದಕ್ಕೂ ಮುಂಚೆ ಹದಿನಾರು ವರ್ಷ ಅವಳು ಬರೀ ಮೇಲ್ವಿಚಾರಕಿ. ಇನ್ನೂರು ರೋಗಿಗಳಿಗೆ ಮೂರು ಹೊತ್ತು ಊಟ ಕಳಿಸುವುದು, ಸಕ್ಕರೆ ಕಾಯಿಲೆಯವರ ತಟ್ಟೆಗೊಂದು ಚೀಟಿ, ಕಿಡ್ನಿ ತೊಂದರೆಯವರ ತಟ್ಟೆಗೊಂದು ಚೀಟಿ ಅಂಟಿಸುವುದು, ಉಪ್ಪು ಹೆಚ್ಚಾದ ದಿನ ಎಲ್ಲರ ಪರವಾಗಿ ಬೈಸಿಕೊಳ್ಳುವುದು, ಇಷ್ಟೇ ಅವಳ ಕೆಲಸ. ಮದುವೆಗೆ ಮುಂಚೆ ಮುಗಿಸಿದ್ದ ಡಿಗ್ರಿಯ ಸರ್ಟಿಫಿಕೇಟು ಪೆಟ್ಟಿಗೆಯ ತಳ ಸೇರಿತ್ತು. ನಲವತ್ತಮೂರನೆಯ ವಯಸ್ಸಿನಲ್ಲಿ ಅದನ್ನು ಹೊರಗೆ ತೆಗೆದು, ಮಾನವ ಪೋಷಣೆಯ ಸ್ನಾತಕೋತ್ತರ ಪದವಿಗೆ ಆನ್‌ಲೈನಿನಲ್ಲಿ ಸೇರಿಕೊಂಡಳು.

"ಹದಿನಾರು ವರ್ಷ ಊಟ ಹಾಕಿದ್ದು ಸಾಲದು ಅಂತ, ಊಟ ಅಂದ್ರೇನು ಅಂತ ಈಗ ಓದ್ತಾರಂತೆ," ಎಂದ ದೊಡ್ಡ ಅಡುಗೆಯವನು. ಅಡುಗೆಮನೆಯೆಲ್ಲ ನಕ್ಕಿತು. ಅವಳೂ ನಕ್ಕಳು.

ಮಧ್ಯಾಹ್ನದ ಊಟದ ಗಾಡಿಗಳು ವಾಪಸು ಬಂದ ಮೇಲೆ ಸಂಜೆಯ ಚಹಾದವರೆಗೆ ಒಂದೂವರೆ ಗಂಟೆ ಬಿಡುವು ಸಿಗುತ್ತಿತ್ತು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ, ಮಡಿಸಿಟ್ಟ ಬೆಡ್‌ಶೀಟುಗಳ ರಾಶಿಯ ನಡುವೆ, ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಕೇಳುತ್ತಿದ್ದಳು. ತರಗತಿಯಲ್ಲಿ ನಲವತ್ತು ಮುಖಗಳು, ನಲವತ್ತು ಚೌಕಗಳು. ಮೂವತ್ತೆಂಟು ಜನ ಅವಳ ಮಗಳ ವಯಸ್ಸಿನವರು. ಕೂದಲು ನೆರೆತಿದ್ದ ಇನ್ನೊಬ್ಬಳು ಇದ್ದದ್ದರಿಂದ ಇಬ್ಬರಿಗೂ ಮೊದಲ ವಾರವೇ ಗೆಳೆತನವಾಯಿತು. ಅವಳು ನಾಲ್ಕು ವರ್ಷ ದೊಡ್ಡವಳು. ಹಾಗಾಗಿ ಅಕ್ಕ ಆದಳು.

ಅಕ್ಕ ಯಾವುದೋ ಕಂಪನಿಯಲ್ಲಿ ತರಬೇತಿ ಕೊಡುವ ಕೆಲಸದಲ್ಲಿದ್ದಾಳೆ ಎಂಬುದಷ್ಟೇ ತೂಕದಮ್ಮನಿಗೆ ಗೊತ್ತಿದ್ದದ್ದು. ಯಾವ ಕಂಪನಿ, ಏನು ತರಬೇತಿ ಎಂದು ಅವಳು ಕೇಳಲೂ ಇಲ್ಲ. ಮಾತನಾಡಲು ಬೇರೆ ಎಷ್ಟೋ ಇತ್ತು. ಮೊದಲ ಪರೀಕ್ಷೆಗೆ ವಾರವಿರುವಾಗ ತೂಕದಮ್ಮನ ಮಾವ ತೀರಿಕೊಂಡರು. ಬಂದು ಹೋಗುವವರಿಂದ ಮನೆ ತುಂಬಿತ್ತು. ಪುಸ್ತಕ ಮುಟ್ಟಲಾಗಲಿಲ್ಲ. ಅಕ್ಕ ಮೂರು ದಿನ ಬೆಳಿಗ್ಗೆ ಐದೂವರೆಗೆ ಫೋನ್ ಮಾಡಿ, ಹಿತ್ತಲ ಮೆಟ್ಟಿಲ ಮೇಲೆ ಕೂತ ಅವಳಿಗೆ ಜೀವರಸಾಯನ ಪೂರ್ತಿ ಕತೆಯ ಹಾಗೆ ಹೇಳಿಕೊಟ್ಟಳು. ಸಂಖ್ಯಾಶಾಸ್ತ್ರದಲ್ಲಿ ಫೇಲಾಗಿ, ಸಾಕಪ್ಪಾ ಸಾಕು ಎಂದು ಕೈ ಚೆಲ್ಲಿದಾಗಲೂ ಕೈ ಹಿಡಿದದ್ದು ಅವಳೇ. "ಲೆಕ್ಕಕ್ಕೆ ಹೆದರಬೇಡ ಕಣೇ. ಎಲ್ಲರೂ ಸರಾಸರಿಯಿಂದ ಎಷ್ಟು ದೂರ ನಿಂತಿದಾರೆ ಅಂತ ನೋಡೋದು, ಅಷ್ಟೇ. ಮದುವೆ ಮನೇಲಿ ಯಾರು ಯಾರ ಪಕ್ಕ ಕೂತಿದಾರೆ ಅಂತ ನೋಡಲ್ವಾ, ಹಾಗೆ." ತೂಕದಮ್ಮ ಮರುಪರೀಕ್ಷೆಯಲ್ಲಿ ಪಾಸಾದಳು. ಅಂದು ಅತ್ತೆ ತಾವೇ ಫೋನ್ ಇಸಿದುಕೊಂಡು, "ನನ್ನ ಸೊಸೇನ ಪಾಸು ಮಾಡಿಸಿದೆಯಲ್ಲ ತಾಯಿ, ಒಂದು ಸಲ ಮನೆಗೆ ಬಾ," ಎಂದು ಕರೆದರು. ಆಮೇಲೆ ಅತ್ತೆಗೂ ಅಕ್ಕನಿಗೂ ವಾರಕ್ಕೊಂದು ಮಾತು ಇದ್ದೇ ಇತ್ತು. ಮಂಡಿನೋವು, ನಿದ್ದೆ, ಸೊಸೆಯ ಮೇಲಿನ ದೂರು, ಎಲ್ಲಾ.

ಎರಡನೆಯ ವರ್ಷಕ್ಕೆ ಪ್ರಾಜೆಕ್ಟ್ ಮಾಡಬೇಕಿತ್ತು. ತೂಕದಮ್ಮ ತನಗೆ ವರ್ಷಗಟ್ಟಲೆ ಕೊರೆಯುತ್ತಿದ್ದ ಒಂದು ಪ್ರಶ್ನೆಯನ್ನೇ ಎತ್ತಿಕೊಂಡಳು. ವಯಸ್ಸಾದ ಹೆಂಗಸರ ವಾರ್ಡಿನಿಂದ ತಟ್ಟೆಗಳು ಯಾಕೆ ಅರ್ಧಕ್ಕರ್ಧ ತುಂಬಿಯೇ ವಾಪಸು ಬರುತ್ತವೆ? ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ತರಕಾರಿ, ಮೊಟ್ಟೆ. ರುಚಿಯಲ್ಲಿ ಮೋಸವಿಲ್ಲ. ಆದರೂ ಮುದುಕಿಯರು ದಿನೇದಿನೇ ಸೊರಗುತ್ತಿದ್ದರು.

ಸೂಪರಿಂಟೆಂಡೆಂಟ್ ಡಾಕ್ಟರ ಅನುಮತಿ ಪಡೆದಳು. ವಾರ್ಡಿನ ಮಾಹಿತಿಯನ್ನು ತನ್ನ ಗೈಡ್ ಮೇಡಂ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ ಎಂಬ ಕಾಗದಕ್ಕೆ ಸಹಿ ಹಾಕಿದಳು. ಮೂವತ್ತೆರಡು ಹಾಸಿಗೆ, ನಲವತ್ತು ದಿನ. ಹೋಗುವಾಗ ಪ್ರತಿ ತಟ್ಟೆಯ ತೂಕ, ಬರುವಾಗ ಪ್ರತಿ ತಟ್ಟೆಯ ತೂಕ. ಮೊದಲ ಇಪ್ಪತ್ತು ದಿನ ಎಂದಿನಂತೆ ಊಟ ಕೊಟ್ಟು ಸುಮ್ಮನೆ ತೂಗಿದಳು. ನೂರಕ್ಕೆ ಐವತ್ತೆಂಟು ಪಾಲು ವಾಪಸು ಬಂತು. ಆಮೇಲಿನ ಇಪ್ಪತ್ತು ದಿನ ಅಡುಗೆಯನ್ನು ಒಂದಿಷ್ಟೂ ಬದಲಿಸಲಿಲ್ಲ. ಅವಳೂ ವಾರ್ಡಿನ ಆಯಾಗಳೂ ಹೋಗಿ ತಟ್ಟೆಯನ್ನು ಕೈಗೆಟಕುವ ಹಾಗೆ ಹತ್ತಿರಕ್ಕೆಳೆದರು, ಬಿಗಿ ಮುಚ್ಚಳ ತೆಗೆದರು, ಮೊಟ್ಟೆ ಚೂರು ಮಾಡಿಕೊಟ್ಟರು, ಹತ್ತು ನಿಮಿಷ ಪಕ್ಕದಲ್ಲಿ ಕೂತರು. ವಾಪಸು ಬಂದದ್ದು ನೂರಕ್ಕೆ ಇಪ್ಪತ್ತಮೂರು. ಎಂಬತ್ತಾರು ವರ್ಷದ ಅಜ್ಜಿಯೊಬ್ಬಳು, "ಇಷ್ಟು ದಿನ ಆ ಡಬ್ಬಿ ತೆಗಿಯೋಕೇ ಆಗ್ತಿರಲಿಲ್ಲಮ್ಮ. ಕೇಳಿದ್ರೆ ಬೈತಾರೇನೋ ಅಂತ ಸುಮ್ಮನಿದ್ದೆ," ಎಂದದ್ದನ್ನು ತೂಕದಮ್ಮ ಪುಸ್ತಕದಲ್ಲಿ ಹಾಗೇ ಬರೆದುಕೊಂಡಳು.

ಅಂಕಿ ಏನೋ ಕೈಯಲ್ಲಿತ್ತು. ಅದನ್ನು ಲೆಕ್ಕಕ್ಕೆ ಕೂರಿಸುವುದು ಅವಳಿಗೆ ಬಗೆಹರಿಯಲಿಲ್ಲ. "ಪೂರ್ತಿ ಹಾಳೆ ಕಳಿಸು, ನೋಡ್ತೀನಿ," ಎಂದಳು ಅಕ್ಕ. ತೂಕದಮ್ಮನಿಗೆ ಸಹಿ ಹಾಕಿದ ಕಾಗದ ನೆನಪಾಯಿತು. ಬೇರೆ ಯಾರಿಗೂ ಎಂದರೆ ಅಕ್ಕನಿಗೂ ಎಂದು ಅರ್ಥವೇ? ಅರ್ಧ ನಿಮಿಷ ಯೋಚಿಸಿ ಕಳಿಸಿಬಿಟ್ಟಳು. ಎರಡು ದಿನದಲ್ಲಿ ಕೋಷ್ಟಕ, ಗ್ರಾಫು ಎಲ್ಲ ಚೊಕ್ಕವಾಗಿ ತಿರುಗಿ ಬಂತು.

ತಿಂಗಳಾದ ಮೇಲೆ ಒಂದು ಸೋಮವಾರ ಅಕ್ಕ ಮಾತಿನ ನಡುವೆ ಕೇಳಿದಳು. "ನಿನಗೆ ವಾರದ ರಜೆ ಯಾವತ್ತೇ?"

"ಬುಧವಾರ. ಯಾಕಕ್ಕ, ಬರ್ತೀರಾ ಮನೆಗೆ?"

"ಬರಬೇಕು, ಬರ್ತೀನಿ. ಸುಮ್ಮನೆ ಕೇಳಿದೆ."

ಬುಧವಾರ ಬೆಳಿಗ್ಗೆ ತೂಕದಮ್ಮ ಅತ್ತೆಯ ತಲೆಗೆ ಎಣ್ಣೆ ಹಚ್ಚುತ್ತಿದ್ದಾಗ ಸೂಪರಿಂಟೆಂಡೆಂಟರ ಕಚೇರಿಯಿಂದ ಫೋನ್ ಬಂತು. ಊಟದ ವಿಷಯಕ್ಕೆ ಮೀಟಿಂಗ್ ಇದೆ, ರಜೆಯಾದರೂ ಪರವಾಗಿಲ್ಲ, ಹನ್ನೊಂದಕ್ಕೆ ಬನ್ನಿ ಎಂದರು. ಕೈ ತೊಳೆದು, ಸಿಕ್ಕಿದ ಬಸ್ಸು ಹತ್ತಿ, ಹತ್ತು ನಿಮಿಷ ತಡವಾಗಿ ಮೀಟಿಂಗ್ ಕೋಣೆಗೆ ಹೋದಳು. ದೀಪ ಆರಿಸಿದ್ದರು. ಹಿಂದಿನ ಕುರ್ಚಿಯಲ್ಲಿ ಕೂತಳು. ಪರದೆಯ ಪಕ್ಕ ನಿಂತು ಹೆಂಗಸೊಬ್ಬಳು ವಯಸ್ಸಾದವರಿಗೆ ಹಾಲಿನಲ್ಲಿ ಕಲಸಿ ಕೊಡುವ ಪೌಷ್ಟಿಕ ಪುಡಿಯ ಬಗ್ಗೆ ಹೇಳುತ್ತಿದ್ದಳು.

ಮುಖ ಕಾಣುವ ಮೊದಲೇ ದನಿ ಗೊತ್ತಾಯಿತು. ಹಿತ್ತಲ ಮೆಟ್ಟಿಲ ಮೇಲೆ ಬೆಳಿಗ್ಗೆ ಐದೂವರೆಗೆ ಕೇಳಿದ ದನಿ. ಅಕ್ಕ ಅವಳಂದುಕೊಂಡದ್ದಕ್ಕಿಂತ ಗಿಡ್ಡ. ತೂಕದಮ್ಮನಿಗೆ ಮೊದಲು ಆದದ್ದು ಸಂತೋಷವೇ. ಹೇಳದೆ ಕೇಳದೆ ಬಂದಿದ್ದಾಳಲ್ಲ, ಮೀಟಿಂಗ್ ಮುಗಿದ ತಕ್ಷಣ ಮನೆಗೆ ಕರೆದುಕೊಂಡು ಹೋಗಬೇಕು, ಅತ್ತೆ ಕುಣಿದಾಡಿಬಿಡುತ್ತಾರೆ ಎಂದುಕೊಂಡಳು.

ಆಗ ಪರದೆಯ ಮೇಲೆ ಗ್ರಾಫ್ ಬಂತು.

"ಇಂಥ ಆಸ್ಪತ್ರೆಗಳಲ್ಲಿ ವಯಸ್ಸಾದವರು ಊಟದಲ್ಲಿ ನೂರಕ್ಕೆ ಐವತ್ತೆಂಟು ಪಾಲು ಬಿಟ್ಟುಬಿಡ್ತಾರೆ. ಅಡುಗೆಮನೆ ಊಟವನ್ನೇ ನಂಬಿಕೊಂಡರೆ ಆಗೋದಿಲ್ಲ ಅನ್ನೋದಕ್ಕೆ ಇದು ಸಾಕ್ಷಿ," ಎಂದಳು ಅಕ್ಕ.

ಗ್ರಾಫಿನಲ್ಲಿ ಒಂಬತ್ತನೆಯ ದಿನ ಗೆರೆ ಗೂಟದ ಹಾಗೆ ಮೇಲೆದ್ದಿತ್ತು. ಅಂದು ಬೇಳೆ ತಳ ಹಿಡಿದು ಸೀದುಹೋಗಿತ್ತು. ಇಡೀ ವಾರ್ಡು ಊಟ ಬಿಟ್ಟಿತ್ತು. ಆ ಗೂಟ ಯಾವ ವಾರ್ಡಿನದೆಂದು ಆ ಕೋಣೆಯಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಗೆರೆ ಇಪ್ಪತ್ತನೆಯ ದಿನಕ್ಕೆ ಬಂದು ನಿಂತುಬಿಟ್ಟಿತ್ತು. ಬುಧವಾರ ಯಾಕೆ ಎಂಬುದೂ ಆ ಕ್ಷಣದಲ್ಲೇ ಹೊಳೆಯಿತು.

ಎದ್ದು ನಿಂತಳು. ಪರದೆಯ ಕಡೆ ಕೈ ತೋರಿಸಿದಳು.

"ಮೇಡಂ, ಉಳಿದ ಇಪ್ಪತ್ತು ದಿನ ಎಲ್ಲಿ?"

ಅಕ್ಕ ತಿರುಗಿ ನೋಡಿದಳು. ಪರದೆಯ ಬೆಳಕಿನಲ್ಲಿ ಅವಳ ಮುಖದ ಬಣ್ಣ ಇಳಿದದ್ದು ಎಲ್ಲರಿಗೂ ಕಂಡಿತು. ಆದರೆ ಹತ್ತಾರು ಆಸ್ಪತ್ರೆ ಕಂಡವಳು, ಬೇಗ ಸಾವರಿಸಿಕೊಂಡಳು. "ಇದು ಒಂದು ಅಧ್ಯಯನದ ಮೊದಲ ಭಾಗ. ಮುಂದಿನದು ಇನ್ನೂ ಖಚಿತವಾಗಿಲ್ಲ."

"ಖಚಿತವಾಗಿದೆ. ಪಕ್ಕದಲ್ಲಿ ಕೂತು ತಿನ್ನಿಸಿದ್ರೆ ಅದೇ ಊಟದಲ್ಲಿ ಉಳಿಯೋದು ಇಪ್ಪತ್ತಮೂರು ಪಾಲು. ಪುಡಿ ಬೇಡ, ಮುಚ್ಚಳ ತೆಗೆಯೋಕೆ ಕೈ ಬೇಕು."

ಸೂಪರಿಂಟೆಂಡೆಂಟ್ ದೀಪ ಹಾಕಿಸಿದರು. "ನಿಮಗೆ ಹೇಗೆ ಗೊತ್ತಮ್ಮ ಇದೆಲ್ಲ?"

"ತೂಕ ಹಾಕಿದ್ದು ನಾನು ಸಾರ್. ಇದು ನಮ್ಮ ವಾರ್ಡಿನದೇ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಕ್ಕನ ಕಡೆ ನೋಡಲಿಲ್ಲ. "ನಮ್ಮ ವಾರ್ಡಿನ ಲೆಕ್ಕ ಹೊರಗೆ ಹೇಗೆ ಹೋಯಿತು?"

ತೂಕದಮ್ಮ ಸತ್ಯ ಹೇಳಿ ಕೂತುಕೊಳ್ಳುವುದಕ್ಕೆ ಮುಂಚೆ ಅದು ಅವಳ ಕೊರಳಿಗೇ ಬಂದಿತ್ತು.

ಮರುದಿನ ಮಧ್ಯಾಹ್ನ ಬಟ್ಟೆ ಕೋಣೆಯಲ್ಲಿದ್ದಾಗ ಅಕ್ಕನ ಫೋನ್ ಬಂತು. ಎರಡು ಸಲ ಬಿಟ್ಟು ಮೂರನೆಯ ಸಲ ಎತ್ತಿದಳು.

"ನಿನ್ನ ಹೆಸರಾಗಲಿ ಆಸ್ಪತ್ರೆ ಹೆಸರಾಗಲಿ ಎಲ್ಲೂ ಹಾಕಿರಲಿಲ್ಲ ಕಣೇ. ನೀನು ಏಳದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

"ಹಾಗಾದ್ರೆ ತಪ್ಪು ನಾನು ಎದ್ದು ನಿಂತದ್ದು."

"ಹಾಗಲ್ಲ. ಮೂರು ತಿಂಗಳಿಂದ ಒಂದು ಆಸ್ಪತ್ರೆನೂ ಒಪ್ಪಿಲ್ಲ. ತೆಗೆದುಹಾಕ್ತೀವಿ ಅಂದಿದ್ರು. ನನ್ನ ವಯಸ್ಸಿನವಳಿಗೆ ಇನ್ನೊಂದು ಕೆಲಸ ಯಾರು ಕೊಡ್ತಾರೆ ಹೇಳು."

"ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

"ಅದು ನನಗೂ ಗೊತ್ತಿತ್ತು."

ಬಟ್ಟೆ ಕೋಣೆಯ ಹೊರಗೆ ಯಾರೋ ಗಾಡಿ ತಳ್ಳಿಕೊಂಡು ಹೋದರು. ಅದರ ಸದ್ದು ದೂರವಾಗುವವರೆಗೆ ತೂಕದಮ್ಮ ಕಾದಳು.

"ಅರ್ಧ ಲೆಕ್ಕ ತೋರಿಸಿದ್ರಿ, ಇರಲಿ. ರಜೆ ಯಾವತ್ತು ಅಂತ ಕೇಳಿದ್ರಲ್ಲ, ಅದು ಯಾಕೆ?"

"ನಿನ್ನ ಎದುರಿಗೆ ನಿಂತು ಅದನ್ನ ಹೇಳೋ ಧೈರ್ಯ ನನಗಿರಲಿಲ್ಲ," ಎಂದಳು ಅಕ್ಕ.

ತೂಕದಮ್ಮ ಫೋನ್ ಇಟ್ಟಳು. ಅತ್ತರೆ ಹಗುರಾಗಬಹುದಿತ್ತು, ಅಳು ಬರಲಿಲ್ಲ. ಮೇಜಿನ ಮೇಲಿದ್ದ ದಿಂಬಿನ ಚೀಲಗಳನ್ನು ಒಂದೊಂದಾಗಿ ಬಿಚ್ಚಿ ಮತ್ತೆ ಮಡಿಸಿದಳು.

ಆಮೇಲಿನದು ಕಾಗದಪತ್ರದ ಕೆಲಸ. ಆಸ್ಪತ್ರೆಗೆ ತಪ್ಪೊಪ್ಪಿಗೆ ಬರೆದುಕೊಟ್ಟಳು. ಕೆಲಸ ಉಳಿಯಿತು, ಬರಬೇಕಿದ್ದ ಬಡ್ತಿ ಹೋಯಿತು. ಗೈಡ್ ಮೇಡಂಗೆ ನಡೆದದ್ದನ್ನೆಲ್ಲ ತಾನೇ ಹೇಳಿದಳು. ಮೇಡಂ ಪರದೆಯಲ್ಲಿ ಹಣೆ ಹಿಡಿದುಕೊಂಡು ಕೂತರು. "ಆ ಅಂಕಿಗಳನ್ನ ಇನ್ನು ಬಳಸೋ ಹಾಗಿಲ್ಲಮ್ಮ. ವಿಶ್ವವಿದ್ಯಾಲಯದ ಸಮಿತಿ ಒಪ್ಪಲ್ಲ. ಮೊದಲಿಂದ ಮಾಡಬೇಕು." ಅಕ್ಕನ ಮೇಲೆ ದೂರು ಕೊಡುತ್ತೀರಾ ಎಂದು ಕೇಳಿದರು. ತೂಕದಮ್ಮ ಒಂದು ವಾರ ಯೋಚಿಸಿ ಕೊಟ್ಟಳು. ವಿಚಾರಣೆಗೆ ಕರೆ ಬರುವ ಮೊದಲೇ ಅಕ್ಕ ಓದು ಬಿಟ್ಟಳು. ಅವಳ ಚೌಕ ತರಗತಿಯಿಂದ ಮಾಯವಾಯಿತು. ಕೆಲಸ ಉಳಿಯಿತೋ ಹೋಯಿತೋ ತಿಳಿಯಲಿಲ್ಲ.

ಪುಡಿಯನ್ನು ಡಾಕ್ಟರು ಬೇಡವೆಂದರು. ಆಯಾಗಳನ್ನು ಹೆಚ್ಚಿಸಲೂ ಇಲ್ಲ. ಹೊಸ ಅನುಮತಿ ಬರಲು ಐದು ತಿಂಗಳಾಯಿತು. ಮತ್ತೆ ಮೂವತ್ತೆರಡು ಹಾಸಿಗೆ, ಮತ್ತೆ ನಲವತ್ತು ದಿನ. ಡಬ್ಬಿಯ ಅಜ್ಜಿ ಅಷ್ಟೊತ್ತಿಗೆ ಇರಲಿಲ್ಲ. ಈ ಸಲ ತೂಕದಮ್ಮ ಹಾಳೆಯನ್ನು ಯಾರಿಗೂ ಕಳಿಸಲಿಲ್ಲ, ಗೈಡ್ ಮೇಡಂಗೆ ಕಳಿಸುವಾಗಲೂ ವಿಳಾಸ ಮೂರು ಸಲ ಓದಿದಳು. ಲೆಕ್ಕ ತಾನೇ ಹಾಕಿದಳು. ಹಾಕುವಾಗೆಲ್ಲ ಆ ದನಿ ಬರುತ್ತಿತ್ತು: ಯಾರು ಸರಾಸರಿಯಿಂದ ಎಷ್ಟು ದೂರ ನಿಂತಿದಾರೆ ಅಂತ ನೋಡೋದು, ಅಷ್ಟೇ ಕಣೇ. ಬೇಡವೆಂದರೂ ಹೋಗುತ್ತಿರಲಿಲ್ಲ. ಬೇರೆ ಯಾವ ರೀತಿಯಲ್ಲೂ ಅವಳಿಗೆ ಆ ಲೆಕ್ಕ ಬರುತ್ತಲೂ ಇರಲಿಲ್ಲ.

ಫಲಿತಾಂಶ ಬಂದ ದಿನ ಅತ್ತೆ ಅವಳ ಬಾಯಿಗೆ ಸಕ್ಕರೆ ಹಾಕಿದರು. ಸಂಜೆ ಕೂತಿದ್ದಾಗ ಕೇಳಿದರು, "ನಿಮ್ಮಕ್ಕನ ಫೋನೇ ಇಲ್ವಲ್ಲೇ ಇಷ್ಟು ತಿಂಗಳಿಂದ. ನೀನು ಪಾಸಾದದ್ದು ಹೇಳಿದ್ಯಾ ಅವಳಿಗೆ?"

ನಡೆದದ್ದರ ಬಗ್ಗೆ ಮನೆಯಲ್ಲಿ ಅವಳು ಬಾಯಿ ಬಿಟ್ಟಿರಲಿಲ್ಲ.

"ಅವರಿಗೆ ಕೆಲಸ ಜಾಸ್ತಿ ಅತ್ತೆ," ಎಂದಳು.

"ಎಷ್ಟೇ ಕೆಲಸ ಇರಲಿ. ಅಷ್ಟು ಕಷ್ಟಪಟ್ಟು ಹೇಳಿಕೊಟ್ಟವಳು. ನೀನೇ ಮಾಡಿ ಹೇಳು."

"ಹೇಳ್ತೀನಿ," ಎಂದು ತೂಕದಮ್ಮ ಎದ್ದು, ಒಣಗಿದ್ದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಳು.