ಒಂದು ಎಲೆಯಡಿಕೆಯ ಹೊತ್ತು

ಮಾವನವರು ಮದುವೆಗೆ ಹೊಲಿಸಿಕೊಟ್ಟ ನನ್ನ ಕರಿಯ ಆಲ್ಪಾಕ ಕೋಟು ಬೆನ್ನಿನ ಹೊಲಿಗೆಗುಂಟ ಪರ್ರನೆ ಸೀಳಿ ಎರಡು ಹೋಳಾದದ್ದು ಊರಿಗೆ ಊರೇ ನೆರೆದಿದ್ದಾಗ. ಸೀಳಿದವಳು ಅರವತ್ತೈದು ವರ್ಷದ ಮುದುಕಿ. ಕಣಕಟ್ಟೆ ಹೋಬಳಿಯ ಆ ಹಳ್ಳಿಗೆ ನಾನು ಮೇಷ್ಟರಾಗಿ ಹೋಗಿ ಆಗ ಒಂಬತ್ತು ದಿನವಾಗಿತ್ತು. ಒಂಬತ್ತು ದಿನ ಕಷ್ಟಪಟ್ಟು ಸಂಪಾದಿಸಿದ್ದ ಗೌರವವೆಲ್ಲ ಆ ಸೀಳಿನಿಂದ ಹೊರಟುಹೋಯಿತು.

ನಡೆದದ್ದಿಷ್ಟು. ಅಂದು ಪಟೇಲ ರೇವಣಸಿದ್ದಪ್ಪನವರ ಹಗೇವು ತೆಗೆಯುವ ದಿನ. ರಾಗಿಯನ್ನು ನೆಲದೊಳಗಿಟ್ಟು ಕಾಪಾಡುವುದು ಆ ಸೀಮೆಯ ಪದ್ಧತಿ: ಒಬ್ಬ ಆಳು ನುಸುಳುವಷ್ಟೇ ಬಾಯಿ, ಒಳಗೆ ಎರಡಾಳುದ್ದದ ಗುಡಾಣದಂಥ ಹೊಟ್ಟೆ, ಸುತ್ತ ರಾಗಿಹುಲ್ಲು ಒತ್ತಿ, ಕಾಳು ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಮುಟ್ಟದು. ಚಪ್ಪಡಿ ಸರಿಸಿ ಬಹಳ ಹೊತ್ತಾಗಿದ್ದರೂ ಜನ ಮಾರುದೂರದಲ್ಲೇ ನಿಂತಿದ್ದರು. ಇವರೆಲ್ಲ ದೆವ್ವಕ್ಕೆ ಹೆದರಿದ್ದಾರೆಂದು ಭಾವಿಸಿ, ಜ್ಞಾನಪ್ರಸಾರಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಸಿಕ್ಕದೆಂದು ನಿಶ್ಚಯಿಸಿ, “ಭೂತವೂ ಇಲ್ಲ, ಪ್ರೇತವೂ ಇಲ್ಲ, ನಾನೇ ಇಳಿದು ತೋರಿಸುತ್ತೇನೆ” ಎಂದು ಸಣ್ಣದೊಂದು ಉಪನ್ಯಾಸ ಮಾಡಿ ಒಂದು ಕಾಲನ್ನು ಒಳಗಿಟ್ಟೆ. ಆಗಲೇ ಹಿಂದಿನಿಂದ ಕೋಟಿಗೆ ಕೈ ಬಿತ್ತು. ಮರುಕ್ಷಣ ನಾನು ಹುಲ್ಲಿನ ಮೇಲೆ ಅಂಗಾತ ಬಿದ್ದು ಆಕಾಶ ನೋಡುತ್ತಿದ್ದೆ. ಆಕಾಶಕ್ಕೆ ಅಡ್ಡವಾಗಿ ಒಂದು ಸುಕ್ಕುಮುಖ ಬಗ್ಗಿ ನನ್ನನ್ನು ನೋಡಿತು.

“ತಡೀರಿ ಮೇಷ್ಟ್ರೇ. ಭೂತ ಇಲ್ಲ ಅಂತ ನಂಗೂ ಗೊತ್ತು.”

ಹಾಗೆಂದವಳೇ ಹಗ್ಗಕ್ಕೆ ಕಟ್ಟಿದ ಮಂಕರಿಯೊಳಗೆ ಉರಿಯುವ ಹಣತೆಯಿಟ್ಟು ಕೆಳಕ್ಕೆ ಬಿಟ್ಟಳು. ನನ್ನ ತಲೆ ಇರಬೇಕಾಗಿದ್ದ ಆಳಕ್ಕೆ ಇಳಿಯುವುದರೊಳಗೆ, ಯಾರೋ ಬೆರಳಲ್ಲಿ ಚಿವುಟಿದಂತೆ, ದೀಪ ಆರಿತು. ಮುಚ್ಚಿದ ಗುಂಡಿಗಳಲ್ಲಿ ಕೂಡುವ ವಿಷಗಾಳಿಯ ವಿಚಾರ ನನ್ನದೇ ವಿಜ್ಞಾನ ಪುಸ್ತಕದ ಮೂವತ್ತನೆಯ ಪುಟದಲ್ಲಿತ್ತು. ನಾನು ಇಪ್ಪತ್ತೆಂಟರವರೆಗೆ ಓದಿದ್ದೆ.

“ಕೋಟು ಹೊಲಿಸ್ಕೋಬೋದು ಬಿಡಿ,” ಎಂದಳು ಬೀರಮ್ಮ.

ಊರಿಗೆಲ್ಲ ಬೀರಜ್ಜಿಯಾದ ಆಕೆಯ ನಡಿಗೆಯೇ ಒಂದು ಬಗೆ. ಎಡಗಾಲನ್ನು ಮುಂದಿಟ್ಟು, ಅದರ ಮೇಲೆ ಭಾರ ಬಿಡದೆ, ನೆಲದ ಅಭಿಪ್ರಾಯ ಕೇಳುವವಳಂತೆ ಅರೆಗಳಿಗೆ ನಿಂತು, ನೆಲ ಒಪ್ಪಿದ ಮೇಲೆ ಬಲಗಾಲನ್ನು ಎಳೆದುಕೊಳ್ಳುವಳು. ಮಾತೂ ಹಾಗೆಯೇ: ‘ತಡಿ’ ಎಂಬುದೊಂದನ್ನು ಮುಂದೆ ಕಳಿಸಿ, ಉಳಿದದ್ದನ್ನು ಹಿಂದಿನಿಂದ ಬಿಡುವಳು. ಉಂಡೆಯಾ ಅಜ್ಜಿ ಎಂದರೆ, “ತಡಿ, ಉಂಡೆ.” ಇಂಥವಳ ಅಪ್ಪಣೆಯಿಲ್ಲದೆ ಆ ಊರಿನಲ್ಲಿ ಯಾವ ಹಗೇವಿಗೂ ಯಾರೂ ಇಳಿಯುತ್ತಿರಲಿಲ್ಲ. ಬೆಳಗ್ಗೆ ಚಪ್ಪಡಿ ತೆಗೆಸುವಳು. ಹೊಂಗೆಸೊಪ್ಪಿನ ದೊಡ್ಡ ಕಟ್ಟೊಂದನ್ನು ಹಗ್ಗಕ್ಕೆ ಬಿಗಿದು, ಬಾವಿಯಲ್ಲಿ ಬಿಂದಿಗೆ ಆಡಿಸುವಂತೆ ಏರಿಸಿ ಇಳಿಸಿ ಒಳಗಿನ ಗಾಳಿ ಕದಡಿಸುವಳು. ಆಮೇಲೆ ದೀಪ ಬಿಟ್ಟು, ಕುಟ್ಟಾಣಿಯಲ್ಲಿ ಎಲೆಯಡಿಕೆ ಕುಟ್ಟಿ ಬಾಯಿಗೆ ಹಾಕಿಕೊಂಡು ಕೂರುವಳು. ಆ ತಾಂಬೂಲ ಮುಗಿದು ಆಕೆ ಉಗುಳುವಾಗಲೂ ದೀಪ ಉರಿಯುತ್ತಿರಬೇಕು; ಕದಡಿದ ವಿಷಗಾಳಿ ಮತ್ತೆ ತಳದಲ್ಲಿ ಕೂಡುವುದಿದ್ದರೆ ಅಷ್ಟರಲ್ಲಿ ಕೂಡಿರುತ್ತದೆ. ಉರಿಯುತ್ತಿದ್ದರೆ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಮೊದಲು ಇಳಿಯುವವಳು ತಾನೇ. ಕೆಳಗಿನಿಂದ “ಬನ್ರೋ” ಎಂಬ ಕೂಗು ಕೇಳಿದ ಮೇಲೆ ಉಳಿದವರು.

ಹಗೇವು ನೋಡಲು ಬಂದ ಅಮಲ್ದಾರರೊಬ್ಬರು ಮೂರು ಸಲ ಗಡಿಯಾರ ತೆಗೆದು, ಕಾಲುಗಂಟೆ ಆಯಿತಲ್ಲವೇ, ಇನ್ನೂ ಸಾಲದೇ ಎಂದು ಕೇಳಿದರಂತೆ. ಬೀರಜ್ಜಿ ಅಗಿಯುತ್ತಲೇ, “ನಿಮ್ ಗಡಿಯಾರಕ್ಕೆ ದಮ್ಮು ಕಟ್ತೈತಾ ಬುದ್ದಿ?” ಎಂದಳಂತೆ. ಅಮಲ್ದಾರರು ಗಡಿಯಾರವನ್ನು ಜೇಬಿಗಿಟ್ಟು ಕಾದರು.

ಈ ಹಟದ ಮೂಲವನ್ನು ನನಗೆ ಹೇಳಿದವರು ಪಟೇಲರು. ಆಕೆ ಎಂದೂ ಬಾಯಿಬಿಡಲಿಲ್ಲ. ಆಕೆಗೆ ಇಪ್ಪತ್ತು ತುಂಬಿದ ವರ್ಷ ಗಂಡ ಹಗೇವಿಗೆ ಇಳಿದ, ಕೂಗಿದರೆ ಓಗೊಡಲಿಲ್ಲ. ಅವನನ್ನೆತ್ತಲು ಅದೇ ಊರಿನಲ್ಲಿದ್ದ ಆಕೆಯ ಅಣ್ಣ ಇಳಿದ, ಅವನೂ ಓಗೊಡಲಿಲ್ಲ. ಮೂರನೆಯವನಾಗಿ ಮಾವ ಪಂಚೆ ಬಿಗಿದಾಗ ಈ ಹೆಣ್ಣು ಹಗೇವಿನ ಬಾಯಿಗೆ ಅಡ್ಡವಾಗಿ ಬೋರಲು ಬಿದ್ದು, ಎರಡು ಕೈಯಲ್ಲೂ ಅಂಚಿನ ಕಲ್ಲು ಹಿಡಿದುಕೊಂಡಳು. ಮಾವ ಒದ್ದ. ಜನ ಬೈದರು. ಆಕೆ ಏಳಲಿಲ್ಲ. ಕೆಳಗೆ ಕತ್ತಲಲ್ಲಿ ಗಂಡ, ಅಣ್ಣ. ಮೇಲೆ ಬೆನ್ನಿಗೆ ಮಾವನ ಕಾಲು. ಆ ಮುದುಕ ಆಮೇಲೆ ಇಪ್ಪತ್ತೆರಡು ವರ್ಷ ಬದುಕಿದ, ಪ್ರತಿದಿನ ಸೊಸೆ ಕಟ್ಟಿದ ಮುದ್ದೆ ಉಂಡ, ಆಕೆಯೊಡನೆ ಒಂದು ಮಾತೂ ಆಡದೆ ಸತ್ತ. ಅಂದಿನಿಂದ ಆ ಊರಿನ ಹಗೇವುಗಳಲ್ಲಿ ಯಾರೂ ಸಾಯಲಿಲ್ಲ.

ಈ ಕಥೆ ಕೇಳಿದ ಸಂಜೆ ನಾನು ಬೀರಜ್ಜಿಯ ಜಗಲಿಯ ಮುಂದೆ ಹಾದುಹೋಗುವಾಗ ನಮಸ್ಕಾರ ಮಾಡಬೇಕೆಂದುಕೊಂಡೆ. ಆಕೆ ನನ್ನ ಕೋಟಿನ ತೇಪೆ ನೋಡಿ ನಕ್ಕಳು, ನನ್ನ ಕೈ ಮೇಲೇಳಲಿಲ್ಲ.

ಸಾವಿರದ ಒಂಬೈನೂರ ನಲವತ್ತಮೂರನೆಯ ಇಸವಿ ಬಂತು. ಯುದ್ಧದ ದೆಸೆಯಿಂದ ಪೇಟೆಯಲ್ಲಿ ಕಾಳು ಸಿಕ್ಕುತ್ತಿರಲಿಲ್ಲ. ಆರು ವರ್ಷದಿಂದ ಮುಚ್ಚಿಟ್ಟಿದ್ದ ತಮ್ಮ ದೊಡ್ಡ ಹಗೇವನ್ನು ತೆಗೆದು ಊರಿಗೆಲ್ಲ ಹಂಚುವುದಾಗಿ ಪಟೇಲರು ಹೇಳಿದರು. ಬೀರಜ್ಜಿಗೆ ಆಗ ಎಪ್ಪತ್ತೆಂಟು. ಕಾಲು ಬಾತು, ಊಟ ಬಿಟ್ಟು ಹತ್ತು ದಿನವಾಗಿತ್ತು. ಆದರೂ ಆಕೆಯನ್ನು ಬಿಟ್ಟು ತೆಗೆಯುವ ಧೈರ್ಯ ಯಾರಿಗೂ ಇಲ್ಲದೆ, ಮಂಚಸಮೇತ ಹೊತ್ತುತಂದು ಹಗೇವಿನ ಪಕ್ಕದಲ್ಲಿಳಿಸಿದರು. ಹೆಂಗಸರು ಖಾಲಿ ಮಂಕರಿ ಹಿಡಿದು ಸುತ್ತ ಕೂತಿದ್ದರು. ಸೊಪ್ಪು ಆಡಿಸಿದ್ದಾಯಿತು. ದೀಪ ಕೆಳಗೆ ರಾಗಿಯ ಮೇಲೆ ಕೂತು ಉರಿಯಿತು. ಬೀರಜ್ಜಿ ಕುಟ್ಟಾಣಿಗೆ ಕೈಹಾಕಿದಳು.

ಇಳಿಯಲು ನಿಂತಿದ್ದವನು ಮರಿಯಣ್ಣ, ಅಂದು ಸತ್ತ ಆಕೆಯ ಅಣ್ಣನ ಮೊಮ್ಮಗ. ಗಟ್ಟಿಯಾಳು, ಮೂರು ಮಕ್ಕಳ ತಂದೆ.

“ಅಜ್ಜೀ, ದೀಪ ಉರೀತೈತೆ. ಮಕ್ಳು ನೆನ್ನೆಯಿಂದ ಬರೀ ಸೊಪ್ಪಿನ ನೀರು ಕುಡ್ಕಂಡವೆ. ಇಳೀತೀನಿ.”

“ತಡಿ.”

“ನಿನ್ ಬಾಯಾಗೆ ಒಂದು ಹಲ್ಲಾದ್ರೂ ಐತಾ? ನೀನು ಅಗಿಯೋಗಂಟ ಕಾದ್ರೆ ಈ ರಾಗಿ ನನ್ ತಿಥಿಗೇ ಆಗೋದು!”

“ತಿಥಿಗೆ ರಾಗಿ ನಡೆಯಕಿಲ್ಲ ಕಣ್ಲಾ, ಅಕ್ಕಿ ಬೇಕು. ತಡಿ.”

ಜನ ನಕ್ಕರು. ಆದರೆ ಹಸಿದವರ ನಗೆ ಬೇಗ ಮುಗಿಯುತ್ತದೆ. ಇಳಿಯೋ ಮರಿಯಾ, ಮುದುಕಿಗೆ ಅರಳುಮರಳು ಎಂದು ಹಿಂದಿನಿಂದ ಯಾರೋ ಕೂಗಿದರು. ಮರಿಯಣ್ಣ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟ. ನಾನು ಅಲ್ಲೇ ಇದ್ದೆ. ಮೂವತ್ತನೆಯ ಪುಟವನ್ನು ಹದಿಮೂರು ವರ್ಷ ಪಾಠ ಮಾಡಿದ್ದವನು. ದೀಪ ಉರಿಯುತ್ತಿದೆಯಲ್ಲ ಎಂದುಕೊಂಡು ಸುಮ್ಮನಿದ್ದೆ.

ಮಂಚ ಕಿರ್ರೆಂದಿತು. ಏಳಲಾರದ ಬೀರಜ್ಜಿ ಉರುಳಿ ಕೆಳಗೆ ಬಿದ್ದು, ಮೊಣಕೈಯಲ್ಲಿ ತೆವಳಿ, ಮರಿಯಣ್ಣನ ತೊಡೆಗಳ ಮೇಲೆ, ಹಗೇವಿನ ಬಾಯಿಗೆ ಅಡ್ಡವಾಗಿ ಬೋರಲು ಮಲಗಿದಳು. ಎರಡು ಕೈಯೂ ಅಂಚಿನ ಕಲ್ಲು ಹಿಡಿದಿದ್ದವು. ಅವನು ಎತ್ತಿ ಪಕ್ಕಕ್ಕಿಡಬಹುದಾಗಿತ್ತು; ಆಕೆಯಲ್ಲಿ ಒಂದು ಮಂಕರಿ ಹುಲ್ಲಿನಷ್ಟೂ ತೂಕವಿರಲಿಲ್ಲ. ಅವನಿಗೆ ಕೈ ಬರಲಿಲ್ಲ. ನಾನು ಬಗ್ಗಿ, ಆಕೆಯ ಹೆಗಲಿನ ಸಂದಿಯಿಂದ ಕೆಳಗೆ ನೋಡಿದೆ. ದೀಪ ಮಂಕಾಯಿತು, ಬತ್ತಿಯ ತುದಿಯಲ್ಲಿ ನೀಲಿಯ ಒಂದು ಚುಕ್ಕೆ ಉಳಿಯಿತು, ಅದೂ ಹೋಯಿತು.

ಮರಿಯಣ್ಣ ಕಾಲು ಮೇಲಕ್ಕೆಳೆದುಕೊಂಡು ಅತ್ತ.

ಮಧ್ಯಾಹ್ನವೆಲ್ಲ ಸೊಪ್ಪು ಆಡಿತು. ಹೊತ್ತು ಇಳಿಯುವಾಗ ಬಿಟ್ಟ ದೀಪ ಒಂದು ಪೂರ್ತಿ ಎಲೆಯಡಿಕೆ ಮುಗಿಯುವವರೆಗೂ ಉರಿಯಿತು. “ಈ ಸಲ ಮೊದ್ಲು ನಂಗೆ ಇಳಿಯಾಕಾಗಕಿಲ್ಲ, ಬೈಕೋಬ್ಯಾಡ್ರಪ್ಪ,” ಎಂದು ಬೀರಜ್ಜಿ ಊರಿನ ಕ್ಷಮೆ ಕೇಳಿ, ಮರಿಯಣ್ಣನ ಸೊಂಟದ ಹಗ್ಗದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಮಲಗಿದಳು. ಅವನು ಕೆಳಗಿನಿಂದ ಮಂಕರಿ ತುಂಬುತ್ತ “ಲಾಭ, ಎರಡು, ಮೂರು” ಎಂದು, ರೂಢಿಯಂತೆ ಒಂದನ್ನು ಲಾಭವೆಂದೇ ಕರೆದು, ಗಟ್ಟಿಯಾಗಿ ಎಣಿಸುತ್ತಲೇ ಇರಬೇಕು. ದನಿ ನಿಂತರೆ ಹಗ್ಗ ಜಗ್ಗುವಳು. ಕಡೆಯ ಮಂಕರಿ ಮೇಲೆ ಬಂದಾಗಲೂ ಆ ಮುಷ್ಟಿ ಸಡಿಲವಾಗಿರಲಿಲ್ಲ. ಆ ಸಂಜೆ ಊರಿನ ಪ್ರತಿ ಮನೆಯಲ್ಲೂ ಬೀಸುಕಲ್ಲಿನ ಸದ್ದು ಕೇಳಿತು. ಐದನೆಯ ದಿನ ಬೀರಜ್ಜಿ ತೀರಿಕೊಂಡಳು.

ಈ ಸೀಮೆಯಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಹಳೇಬೀಡಿನಿಂದ ಜಾವಗಲ್ಲಿನವರೆಗೆ ಯಾವ ಹೊಲದ ಬದುವಿನಲ್ಲಿ ಎಡವಿದರೂ ಒಬ್ಬ ವೀರ ಸಿಕ್ಕುತ್ತಾನೆ: ಕತ್ತಿ ಹಿರಿದು ನುಗ್ಗಿದವನು, ದನ ಬಿಡಿಸಲು ಹೋಗಿ ಸತ್ತವನು. ನುಗ್ಗಿ ಸತ್ತವರಿಗೆ ಕಲ್ಲು ನೆಡುವುದನ್ನು ಬಲ್ಲ ನಾವು, ನುಗ್ಗುವವರನ್ನು ತಡೆದು ಬೈಗುಳ ತಿಂದವರಿಗೆ ಏನು ನೆಡಬೇಕೆಂದು ಇನ್ನೂ ಕಲಿತಿಲ್ಲ. ನಡೆಯದೆಹೋದ ಸಾವನ್ನು ಯಾವ ಶಿಲ್ಪಿ ಕಡೆದಾನು? ಅಂಥವರ ವೀರಗಲ್ಲುಗಳು ಊರಿನಲ್ಲಿ ಓಡಾಡಿಕೊಂಡು, ಮುದ್ದೆ ಉಂಡುಕೊಂಡು ಇರುತ್ತವೆ. ಮರಿಯಣ್ಣ ಒಂದು ಕಲ್ಲು. ತೇಪೆಯ ಕೋಟಿನ, ಈಚೆಗೆ ಸ್ವಲ್ಪ ಬೊಜ್ಜು ಬಂದಿರುವ ನಾನು ಇನ್ನೊಂದು.

ಆಕೆ ಸಾಯುವ ಹಿಂದಿನ ದಿನ ನೋಡಲು ಹೋಗಿದ್ದೆ. ಮೇಷ್ಟರುಗಳಿಗೆ ಎಲ್ಲೂ ಪ್ರಶ್ನೆ ಕೇಳದೆ ಇರಲಾಗುವುದಿಲ್ಲ, ಕೇಳಬಾರದ್ದನ್ನೇ ಕೇಳಿದೆ.

“ಅಜ್ಜೀ, ಹೋಗೋದಕ್ಕೆ ಹೆದರಿಕೆ ಆಗುತ್ತಾ?”

ಬೀರಜ್ಜಿ ಕಣ್ಣು ತೆರೆದು, ನನ್ನ ಮುಖ ನೋಡಿ, ಆಮೇಲೆ ಕೋಟು ನೋಡಿದಳು.

“ತಡೀರಿ ಮೇಷ್ಟ್ರೇ. ಮೊದ್ಲು ನಾನಿಳೀತೀನಿ. ಕೂಗೋಗಂಟ ನೀವು ಬರಬ್ಯಾಡಿ.”