ಅಮಾಸಿಯ ತೂಕ

"ನಾ ಸೊನ್ನಿ ಬರದೇ ಇಲ್ರಿ ಅಕ್ಕಾರ. ಖಾಲಿ ಬಿಟ್ಟಿದ್ನಿ. ಸೊನ್ನಿ ಬರದದ್ದು ನಿಮ್ಮ ಕಂಪ್ಯೂಟರು," ಎನ್ನುತ್ತ ನಜಮಾ ಹಾಳೆಯನ್ನು ಮೇಜಿನ ಮೇಲೆ ಹರವಿದಳು.

ವಿದ್ಯಾವತಿ ಬಗ್ಗಿ ನೋಡಿದಳು. ನಜಮಾ ಅಗರಖೇಡದ ಬಾಲವಾಡಿ ನಡೆಸುವವಳು. ಊರಿನ ಚಿಕ್ಕ ಮಕ್ಕಳನ್ನು ತಿಂಗಳಿಗೊಮ್ಮೆ ತೂಗಿ, ಬರೆದು, ಇಂಡಿ ಪಟ್ಟಣದಲ್ಲಿದ್ದ ಈ ಆರೋಗ್ಯ ಸಂಸ್ಥೆಗೆ ತಂದುಕೊಡುವುದು ಅವಳ ಕೆಲಸ. ಅದನ್ನು ವಿಜಾಪುರದ ಮುಖ್ಯ ಕಚೇರಿಗೆ ಮುಟ್ಟಿಸುವ ಪ್ರೋಗ್ರಾಮು ವಿದ್ಯಾವತಿಯದು. ಹೋದ ತಿಂಗಳು ತೂಗುವ ದಿನವೇ ಅಮಾಸಿ ಬಿದ್ದಿತ್ತು. ಅಮಾಸಿಯ ದಿನ ಕೂಸನ್ನು ತಕ್ಕಡಿಗೆ ಹಾಕಲು ಯಾವ ಅಜ್ಜಿ ಬಿಟ್ಟಾಳು? ಅರ್ಧ ಊರು ಬಾಗಿಲು ಮುಂದೆ ಮಾಡಿಕೊಂಡಿತ್ತು. ನಜಮಾ ಆ ಮಕ್ಕಳ ಹೆಸರಿನ ಮುಂದೆ ಏನೂ ಬರೆದಿರಲಿಲ್ಲ. ವಿಜಾಪುರ ಮುಟ್ಟುವಷ್ಟರಲ್ಲಿ ಅವೆಲ್ಲ ಸೊನ್ನೆಯಾಗಿದ್ದವು.

ಸೊನ್ನೆ ತೂಕದ ಕೂಸುಗಳನ್ನು ಹುಡುಕಿಕೊಂಡು ಡಾಕ್ಟರರನ್ನು ಹೊತ್ತ ಸಂಸ್ಥೆಯ ಜೀಪು ಊರಿಗೆ ಬಂದಿತ್ತು. ಹೊಕ್ಕ ಮೊದಲ ಮನೆಯೇ ರೇಣವ್ವನದು. ಅವಳ ಮೊಮ್ಮಗನೋ ಬೆಣ್ಣೆ ಮುದ್ದೆ. ಕೈಗೆ ಕಟ್ಟಿದ ಕರಿದಾರ ಮಾಂಸದೊಳಗೆ ಹುಗಿದುಹೋಗಿತ್ತು. ರೇಣವ್ವ ಅವನನ್ನು ಎತ್ತಿ ಡಾಕ್ಟರರ ತೊಡೆಯ ಮೇಲೆ ಕೂರಿಸಿ, "ತೂಕ ಇಲ್ಲದ ಕೂಸ್ರಿ ಇದು. ಗಟ್ಟಿ ಹಿಡ್ಕೋರಿ ಸಾಹೇಬ್ರ, ಗಾಳಿಗಿ ಹಾರಿ ಹೋದೀತು," ಎಂದಳಂತೆ. ಓಣಿಯೆಲ್ಲ ನಕ್ಕಿತು. ಬೈಗುಳ ತಿಂದವಳು ನಜಮಾ.

ಕೇಳಿ ವಿದ್ಯಾವತಿಗೂ ನಗು ಬಂತು. ನಜಮಾ ನಗಲಿಲ್ಲ. ಇನ್ನು ಮೇಲೆ ಯಾವ ಕೂಸು ತೂಕಕ್ಕೆ ಬರಲಿಲ್ಲವೋ ಅದಕ್ಕೆ ಹಿಂದಿನ ತಿಂಗಳ ತೂಕದ ಮೇಲೆ ಒಂದಿಷ್ಟು ಸೇರಿಸಿ ಬರೆಯುತ್ತೇನೆ ಎಂದಳು. ಬೇರೆ ಊರುಗಳ ಬಾಲವಾಡಿಯವರು ಆಗಲೇ ಹಾಗೆ ಮಾಡುತ್ತಿದ್ದರು. ಅಲ್ಲಿಗೆ ಜೀಪೂ ಹೋಗಿರಲಿಲ್ಲ, ಬೈಗುಳವೂ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ತಾನೂ ಒಂದೆರಡು ಮಕ್ಕಳಿಗೆ ಹಾಗೇ ಹಾಕಿದ್ದುಂಟು ಎಂದಳು.

"ಅದರಾಗ ಒಂದ ಕೂಸು ಇಳೀಲಾಕತ್ತಿದ್ರ?" ವಿದ್ಯಾವತಿ ಕೇಳಿದಳು. "ನಿನ್ನ ಹಾಳಿ ಮ್ಯಾಲ ಅದು ಬೆಳಕೋತ ಹೋಗತೈತಿ. ಅದನ್ನ ನೋಡಾವರು ಯಾರು?"

ನಜಮಾ ಹರವಿದ ಹಾಳೆಯನ್ನು ಮಡಚಿದಳು. "ಬರೂ ತೂಕದ ದಿನದ ತನಾ ನೋಡ್ತೇನ್ರಿ. ಮತ್ತ ಸೊನ್ನಿ ಆತಂದ್ರ ಅಂದಾಜ ಬರಿಯಾಕಿನ. ಓಣ್ಯಾಗ ಮಾರಿ ತೋರಿಸಿ ಅಡ್ಡಾಡಾಕಿ ನಾನು."

ಸೊನ್ನೆ ಎಲ್ಲಿ ಹುಟ್ಟುತ್ತದೆಂದು ಹುಡುಕಲು ವಿದ್ಯಾವತಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಂಡಿ ಕಚೇರಿಯ ಕಂಪ್ಯೂಟರು ವಿಜಾಪುರದ್ದರೊಡನೆ ಮಾತಾಡಬೇಕಾದರೆ, ಯಾವ ವಿವರ ಯಾವ ರೂಪದಲ್ಲಿ ಬರುತ್ತದೆ ಎಂಬ ಒಂದು ಕರಾರು ಬೇಕು. ಅದಕ್ಕೆ ಸ್ಕೀಮಾ ಎನ್ನುತ್ತಾರೆ. ಅವಳು ಬರೆದ ಕೋಡನ್ನು ಓದಿ ಆ ಕರಾರನ್ನು ತಾನೇ ಬರೆದುಕೊಡುವ ಉಪಕರಣ ಒಂದಿತ್ತು. ಅದೂ ಒಂದು ಪ್ರೋಗ್ರಾಮೇ, ದೇಶದೇಶದ ಜನ ಬಿಡುವಿನಲ್ಲಿ ಕೂಡಿ ಕಟ್ಟಿದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಅದರ ಲೆಕ್ಕದಲ್ಲಿ ಸಂಖ್ಯೆಯ ಜಾಗದಲ್ಲಿ ಸಂಖ್ಯೆ ಇರಲೇಬೇಕು. ಏನೂ ಇಲ್ಲದಿದ್ದರೆ ಸೊನ್ನೆ.

ಸಂಸ್ಥೆಯ ಉಸ್ತುವಾರಿ ಅನಿಲನದು. ಹಿಂದಿನ ತೂಕವನ್ನೇ ಕಂಪ್ಯೂಟರು ತುಂಬಿಬಿಡುವಂತೆ ಮಾಡಿ, ಒಂದು ತಾಸಿನ ಕೆಲಸ, ಎಂದ. ಅವಳು ಒಪ್ಪಲಿಲ್ಲ, ಆ ಉಪಕರಣವನ್ನೇ ತಿದ್ದುತ್ತೇನೆ ಎಂದಳು.

"ಮನ್ಯಾಗ ನಳ ಸೋರಿದ್ರ ಊರ ಟಾಕಿ ರಿಪೇರಿಗಿ ಹೊಂಟಂಗಾತ್ರಿ ಮೇಡಂ."

"ಸೋರಾಕತ್ತಿದ್ದು ಟಾಕೀನ ಐತ್ರಿ. ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಎಲ್ಲಾ ಕಡೆ ಇದ ಉಪಕರಣ."

ಮಗಳು ಮಲಗಿದ ಮಧ್ಯಾಹ್ನಗಳಲ್ಲಿ, ಕರೆಂಟು ಇದ್ದಷ್ಟು ಹೊತ್ತು, ಅವಳು ಆ ಉಪಕರಣದ ಕೋಡನ್ನು ಓದಿದಳು. ಯಾರೋ ಕಟ್ಟಿದ ಮನೆಯಲ್ಲಿ ಕತ್ತಲಲ್ಲಿ ಅಡ್ಡಾಡಿದಂತೆ, ಮೊದಮೊದಲು ಬರೀ ಗೋಡೆಗೆ ಹಾಯುವುದೇ ಆಯಿತು. ಕೊನೆಗೆ ಬಾಗಿಲು ಸಿಕ್ಕಿತು. 'ಈ ಸಂಖ್ಯೆ ಇಲ್ಲದೆಯೂ ಇರಬಹುದು' ಎಂದು ಕರಾರಿನಲ್ಲಿ ಬರೆಯುವ ಹಾಗೆ ತಿದ್ದಿ ಕಳಿಸಿದಳು. ಉಪಕರಣ ನೋಡಿಕೊಳ್ಳುತ್ತಿದ್ದ ಯಾನ್ ಎಂಬವನು ದೂರದ ಯಾವುದೋ ಚಳಿ ದೇಶದವನು. ಸೌಜನ್ಯದಿಂದಲೇ ಬೇಡ ಎಂದ. ಇದನ್ನು ಸೇರಿಸಿದರೆ ಈಗಾಗಲೇ ಬಳಸುತ್ತಿರುವವರೆಲ್ಲರ ಕರಾರೂ ಬದಲಾಗುತ್ತದೆ. ಖಾಲಿ ಎನ್ನಬೇಕಾದಲ್ಲಿ ಮೈನಸ್ ಒಂದು ಎಂದು ಕಳಿಸಿದರೆ ಸಾಕಲ್ಲ?

ಅದನ್ನು ಓದಿ ಅವಳು ಎದ್ದು ಹೋಗಿ ರೊಟ್ಟಿಗೆ ಕೂತಳು. ಅಂದು ಹಿಟ್ಟಿಗೆ ಜಿಗಿ ಬರಲಿಲ್ಲ, ರೊಟ್ಟಿ ಅಂಚಿನಲ್ಲಿ ಸೀಳಿಹೋದವು. "ಯಾರ ಮ್ಯಾಲ ಸಿಟ್ಟು, ಬಡ್ಯಾಕತ್ತಿದ್ದು ಯಾರಿಗಿ?" ಎಂದು ಅತ್ತೆ ಚನ್ನವ್ವ ಒಲೆಯ ಮುಂದಿನಿಂದ ಅಂದಳು. ವಿದ್ಯಾವತಿ ಮತ್ತೊಂದು ಹಿಟ್ಟಿನ ಉಂಡೆ ಎತ್ತಿಕೊಂಡಳು. ಯಾನ್ ಹೇಳಿದ ಮೊದಲ ಮಾತು ಸರಿಯಿತ್ತು. ಇನ್ನೊಬ್ಬರ ಅಡುಗೆ ಕೆಡಿಸಿ ತಾನು ಉಣ್ಣುವಂತಿಲ್ಲ. ಮೈನಸ್ ಒಂದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನದಿಂದ ಮತ್ತೆ ಶುರು ಮಾಡಿದಳು. ಈ ಸಲ, ಕೋಡಿನಲ್ಲಿ ಬೇಕೆಂದು ಗುರುತು ಹಾಕಿದವರಿಗೆ ಮಾತ್ರ ಹೊಸ ಕರಾರು. ಉಳಿದವರದು ಇದ್ದದ್ದು ಇದ್ದ ಹಾಗೆ. ಹಾಗೇ ಇದೆ ಎಂದು ತೋರಿಸುವ ಪರೀಕ್ಷೆಗಳನ್ನು ಒಂದೊಂದಾಗಿ ಬರೆದಳು, ಮಗಳನ್ನು ಮಡಿಲಲ್ಲಿಟ್ಟುಕೊಂಡು, ಕೀಲಿಗಳ ಮೇಲೆ ಬೀಳುವ ಅವಳ ಪುಟ್ಟ ಕೈಯನ್ನು ಸರಿಸುತ್ತ. ಯಾನನಿಗೆ ಪತ್ರವನ್ನೂ ಬರೆದಳು. ನಾವು ಮಕ್ಕಳನ್ನು ತೂಗುತ್ತೇವೆ. ಮೈನಸ್ ಒಂದು ಕಳಿಸಿದರೆ ಅಲ್ಲಿ ಯಾರಾದರೂ ಅದನ್ನೂ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಯಾವ ಸಂಖ್ಯೆ ಕಳಿಸಿದರೂ ಅದು ತೂಕವಾಗಿಬಿಡುತ್ತದೆ. ತೂಗಿ ಬರೆಯುವ ನಮ್ಮ ಹೆಣ್ಣುಮಗಳು ಏನೂ ಬರೆಯದಿದ್ದರೆ, ಅಲ್ಲಿಗೂ ಏನೂ ಬರೆಯದಿದ್ದ ಹಾಗೇ ಮುಟ್ಟಬೇಕು.

ಒಂದು ವಾರ ಉತ್ತರವಿಲ್ಲ. ಆಮೇಲೆ ಯಾನ್ ಎರಡು ತಪ್ಪು ತೋರಿಸಿದ, ತಿದ್ದಿದಳು. ಇನ್ನೊಂದು ತೋರಿಸಿದ, ಅದನ್ನೂ ತಿದ್ದಿದಳು. ತೂಕದ ದಿನ ಹತ್ತಿರ ಬಂದಾಗ ಒಂದೇ ಸಾಲಿನ ಪತ್ರ ಬಂತು: ಸೇರಿಸಿದ್ದೇನೆ, ನನಗೂ ಒಬ್ಬ ಮಗನಿದ್ದಾನೆ.

ಈ ತಿಂಗಳೂ ಅಮಾಸಿ ಆ ದಿನಕ್ಕೇ ತಾಗಿತ್ತು. ಮುಂಜಾನೆ ವಿದ್ಯಾವತಿ ಮಗಳನ್ನು ಎತ್ತಿಕೊಂಡು, ಇಂಡಿ ಪಟ್ಟಣದ ಮಕ್ಕಳನ್ನು ತೂಗುವ ಕಚೇರಿಗೆ ಹೊರಟಾಗ ಚನ್ನವ್ವ ಹೊಸ್ತಿಲಲ್ಲಿ ಅಡ್ಡ ನಿಂತಳು. ಯಾರ ಕೂಸನ್ನಾದರೂ ತೂಗಿಕೋ, ನನ್ನ ಮೊಮ್ಮಗಳನ್ನು ಇವತ್ತು ತಕ್ಕಡಿಗೆ ಹಾಕಬೇಡ ಎಂದಳು. ವಿದ್ಯಾವತಿ ಮಗಳನ್ನು ಅತ್ತೆಯ ಕೈಗೆ ಕೊಟ್ಟು ನಡೆದಳು. ಆ ದಿನದ ಹಾಳೆಯಲ್ಲಿ ಅವಳ ಮಗಳ ಜಾಗವೂ ಖಾಲಿ ಹೋಯಿತು.

ಅಮಾಸಿ ಕಳೆದ ಮೇಲೆ ವಿಜಾಪುರದಿಂದ ತಿರುಗಿ ಬಂದ ಪಟ್ಟಿಯಲ್ಲಿ ಒಂದೂ ಸೊನ್ನೆ ಇರಲಿಲ್ಲ. ಖಾಲಿ ಇದ್ದಲ್ಲೆಲ್ಲ 'ತೂಗಿಲ್ಲ' ಎಂದಿತ್ತು. ನಜಮಾ ಅದರ ಮೇಲೆ ಬೆರಳಾಡಿಸುತ್ತ ಬಂದು ಒಂದು ಹೆಸರಿನ ಮೇಲೆ ನಿಲ್ಲಿಸಿದಳು. ಸುವರ್ಣಾಳ ಮಗ. ಅದು ಅಮಾಸಿಯ ಖಾಲಿಯಲ್ಲ.

"ಈ ಮನಿ ಯಾವಾಗ ಹೋದ್ರೂ ಕೀಲಿ ಹಾಕಿರತೈತ್ರಿ," ಎಂದಳು ಮೆಲ್ಲಗೆ. "ಅಕಿ ಕೂಸಿನ್ನ ಕಟಗೊಂಡು ಕೂಲಿಗಿ ಹೋಗ್ತಾಳ. ಇಷ್ಟ ದಿನಾ ನಾ ಅಂದಾಜನ ಬರಕೋತ ಬಂದೇನಿ. ಈ ಸಲ ಬರೀಲಿಲ್ಲ."

"ನಡಿ ಹೋಗೂಣು," ಎಂದು ವಿದ್ಯಾವತಿ ಚಪ್ಪಲಿ ಮೆಟ್ಟಿದಳು.

ಅವರು ಅಗರಖೇಡ ಮುಟ್ಟಿದಾಗ ಹೊತ್ತು ಇಳಿದಿತ್ತು. ಸುವರ್ಣಾ ಆಗಷ್ಟೇ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದಳು. ಏನು ಎತ್ತ ಎಂದು ಕೇಳದೆ, ಸೆರಗಿನ ಜೋಳಿಗೆಯಲ್ಲಿದ್ದ ಕೂಸನ್ನು ಬಿಚ್ಚಿ ನಜಮಾಗೆ ಕೊಟ್ಟಳು. ನಜಮಾ ತಕ್ಕಡಿಯ ಕೊಂಡಿಯನ್ನು ಪಡಸಾಲೆಯ ತೊಲೆಗೆ ಸಿಕ್ಕಿಸಿ, ಕೆಳಗಿನ ಅರಿವೆಯ ಚೀಲದಲ್ಲಿ ಅವನನ್ನು ಕೂರಿಸಿ ಕೈ ಬಿಟ್ಟಳು. ಕೂಸು ಅಳಲಿಲ್ಲ, ಕಾಲು ಝಾಡಿಸಿತು. ಮುಳ್ಳು ಆ ಕಡೆ ಈ ಕಡೆ ಹೊಯ್ದಾಡಿತು. ಮೂವರೂ ಹೆಂಗಸರು ಕೂಸನ್ನು ಮುಟ್ಟದೆ, ಮುಳ್ಳು ನಿಲ್ಲಲೆಂದು ನೋಡುತ್ತ ನಿಂತರು.