ಬಿಚ್ಚದ ಬೋಲ್ಟುಗಳು

ಗುಡ್ಡದ ಮೇಲಿನ ಮೊಬೈಲ್ ಟವರ್ ನೋಡಿಕೊಳ್ಳುವ ಕೆಲಸ ಅವಳದು. ಜನರೇಟರಿಗೆ ಡೀಸೆಲ್ ತುಂಬಬೇಕು, ಬ್ಯಾಟರಿ ಪರೀಕ್ಷಿಸಬೇಕು, ಬೇಲಿಯೊಳಗಿನ ಕಳೆ ಕೀಳಬೇಕು. ಊರಿನವರಿಗೆ ಅವಳು ಟವರಕ್ಕ. ಸಿಗ್ನಲ್ ಹೋದರೆ ಮನೆ ಬಾಗಿಲಿಗೇ ಬಂದು ಜಗಳ ತೆಗೆಯುತ್ತಿದ್ದರು. ಸರಿಹೋದಾಗ ಒಬ್ಬನಾದರೂ ಈ ಕಡೆ ತಲೆ ಹಾಕಿದ್ದರೆ ಕೇಳಿ. ಆ ದಾರಿಗೆ ಕಾರೂ ಹತ್ತದು, ಸ್ಕೂಟರೂ ಹತ್ತದು. ಹತ್ತುವುದು ಅವಳ ಎಟಿವಿ ಒಂದೇ: ದಪ್ಪ ಟೈರಿನ, ನಾಲ್ಕು ಚಕ್ರದ, ಬೈಕಿನ ಹಾಗೆ ಕಾಲು ಹಾಕಿ ಕೂರುವ ಗಾಡಿ. ಗಾಡಿ ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ.

ಈಗ ಅದೇ ಗಾಡಿ ಹಿತ್ತಲಿನಲ್ಲಿ ಟಾರ್ಪಾಲು ಹೊದ್ದು ಬಿದ್ದಿತ್ತು. ಬರ್ತೀರೋ ಇಲ್ಲವೋ ಶನಿವಾರದೊಳಗೆ ಹೇಳಿಬಿಡಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಸೂಪರ್‌ವೈಸರ್ ಫೋನು ಮಾಡಿದ್ದ. ಅವನದೇನೂ ತಪ್ಪಿಲ್ಲ.

ಆಗಿದ್ದಿಷ್ಟು. ಇಂಜಿನ್ನಿನ ತಲೆಯೊಳಗೆ ಟಕಟಕ ಸದ್ದು ಶುರುವಾಗಿತ್ತು. ಮೆಕ್ಯಾನಿಕ್ಕಿನ ಮಗಳು ಅವಳು, ಅಪ್ಪನ ವರ್ಕ್‌ಶಾಪಿನಲ್ಲಿ ಗ್ರೀಸು ಬಳಿದುಕೊಂಡೇ ಬೆಳೆದವಳು. ಯಾರನ್ನೂ ಕೇಳದೆ ಮೇಲಿನ ಕವರ್ ಬಿಚ್ಚಿ, ಸವೆದ ಟೈಮಿಂಗ್ ಚೈನು ತೆಗೆದು ಹೊಸದು ಹಾಕಿದಳು. ಗಾಡಿ ಕೆಲವು ದಿನ ಬೆಣ್ಣೆಯ ಹಾಗೆ ಓಡಿತು. ಆಮೇಲೊಂದು ಮಧ್ಯಾಹ್ನ ಅರ್ಧ ಗುಡ್ಡದಲ್ಲಿ ಉಸಿರು ಬಿಟ್ಟಿತು. ಹತ್ತಿರದ ಡೀಲರಿನ ಶೋರೂಮಿನಲ್ಲಿ ಸರ್ವೀಸ್ ನೋಡಿಕೊಳ್ಳುವವನು ಅವಳ ಸ್ವಂತ ತಮ್ಮ. ಮನೆಯವನೇ ಇರುವಾಗ ಏನು ಚಿಂತೆ ಎಂದು ಅಲ್ಲಿಗೇ ಕಳಿಸಿದಳು.

ಮಾರನೆಯ ದಿನ ಅವನ ಫೋನು ಬಂತು.

"ಅಕ್ಕ, ಹೇಗೆ ಹೇಳ್ಲಿ ನಿಂಗೆ. ಚೈನು ಕೂರಿಸುವಾಗ ಒಂದು ಹಲ್ಲು ತಪ್ಪಿದೆ. ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿದು ಬಗ್ಗಿಹೋಗಿದೆ. ನಾನೇ ಕವರ್ ಬಿಚ್ಚಿ ನೋಡ್ದೆ. ಅದರ ಕತೆ ಮುಗೀತು."

ಚೈನು ಕೂರಿಸಿದ್ದು ಯಾರು ಅಂತ ಅವನು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಗಾಡಿ ಹೋದ ಹಾಗೇ ಟೆಂಪೋದಲ್ಲಿ ವಾಪಸು ಬಂದು ಹಿತ್ತಲು ಸೇರಿತು.

ಗಾಡಿ ಹೋದದ್ದಕ್ಕಿಂತ ತನ್ನ ಕೈಯ ಮೇಲಿನ ನಂಬಿಕೆ ಹೋದದ್ದು ಅವಳನ್ನು ಹಣ್ಣು ಮಾಡಿತು. ಕುಕ್ಕರಿಗೆ ಗ್ಯಾಸ್ಕೆಟ್ ಹಾಕಿದರೆ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ತೆಗೆದು ನೋಡುವಳು. ಬಲ್ಬು ಬದಲಿಸಲು ಗಂಡನನ್ನು ಕರೆಯುವಳು. ಗಂಡ ಟೈಲರ್, ನಡುಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವನು. ಆ ದಿನಗಳಲ್ಲಿ ಅವನು ಎಂದೂ ಇಲ್ಲದಷ್ಟು ಮೆತ್ತಗಾಗಿದ್ದ. ಹೋದರೆ ಹೋಯಿತು, ಮನೆಯಲ್ಲೇ ಆರಾಮಾಗಿ ಕೂತು ನನಗೆ ಗುಂಡಿ ಹಚ್ಚಿಕೊಡು ಎನ್ನುತ್ತಿದ್ದ. ಕಳೆದ ವರ್ಷ ಗುಡ್ಡದಲ್ಲಿ ಗಾಡಿ ಜಾರಿ ಅವಳ ಭುಜ ಮುರಿದಿತ್ತು, ಅವತ್ತಿನಿಂದ ಅವನಿಗೆ ಗುಡ್ಡವೆಂದರೆ ಆಗುತ್ತಿರಲಿಲ್ಲ. ಪಾಪ, ಎಷ್ಟು ಚಿಂತೆ ನನ್ನ ಮೇಲೆ ಎಂದು ಅವಳು ಗುಂಡಿ ಹಚ್ಚಿದಳು.

ಶುಕ್ರವಾರ ಮಧ್ಯಾಹ್ನ ಹಿತ್ತಲಿಗೆ ಹೋಗಿ ಟಾರ್ಪಾಲು ಸರಿಸಿದಳು. ಗುಜರಿಗೇ ಹೋಗುವುದಾದರೂ ಕೊಳಕಾಗಿ ಹೋಗುವುದು ಬೇಡ ಎಂದು ಒದ್ದೆ ಬಟ್ಟೆ ಹಿಡಿದು ಒರೆಸತೊಡಗಿದಳು. ಇಂಜಿನ್ ಕವರಿನ ಮೇಲಿನ ಧೂಳು ಹೋದಾಗ ಕೈ ತಾನಾಗಿ ನಿಂತಿತು.

ಅಪ್ಪನದೊಂದು ಪದ್ಧತಿ ಇತ್ತು. ಬೋಲ್ಟು ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಕವರಿನವರೆಗೆ ಬಣ್ಣದ ಒಂದು ಗೆರೆ ಎಳೆಯುತ್ತಿದ್ದರು. ಬೋಲ್ಟು ಸಡಿಲಾದರೆ ಗೆರೆ ಒಡೆದು ಕಾಣುತ್ತದೆ. ಅವಳೂ ಹಾಗೇ ಮಾಡುತ್ತಿದ್ದಳು, ಉಗುರಿಗೆ ಎಂದೂ ಹಚ್ಚದ ಕೆಂಪು ನೇಲ್ ಪಾಲಿಶಿನಲ್ಲಿ. ಚೈನು ಹಾಕಿದ ದಿನ ಎಳೆದ ಆ ಗೆರೆಗಳು ಈಗಲೂ ಅಷ್ಟೇ ನೆಟ್ಟಗೆ, ಒಂದೂ ಕದಲದೆ, ಅವಳನ್ನೇ ನೋಡುತ್ತಿದ್ದವು. ಬಿಚ್ಚಿದ್ದರೆ ಒಡೆಯಲೇಬೇಕಿತ್ತು. ಒಡೆದ ಗೆರೆ ಮತ್ತೆ ಹಾಗೆ ಕೂಡಿಸುವುದು ಯಾರ ಅಪ್ಪನಿಂದಲೂ ಆಗದು.

ಯಾರೂ ಕವರ್ ಬಿಚ್ಚಿಯೇ ಇರಲಿಲ್ಲ.

ಹೊಸ ಗಾಡಿ ಮಾರಬೇಕಲ್ಲ ಆ ಡೀಲರಿಗೆ ಎಂದು ಅವಳ ಪಿತ್ತ ನೆತ್ತಿಗೇರಿತು. ನನ್ನ ತಮ್ಮನನ್ನು ಮುಂದೆ ಬಿಟ್ಟು ನನ್ನ ಕಿವಿ ಮೇಲೆ ಹೂವಿಡುತ್ತಾನಾ! ಆ ಕ್ಷಣಕ್ಕೂ ಅವಳು ತಮ್ಮನನ್ನು ಬಿಟ್ಟುಕೊಡಲಿಲ್ಲ. ಯಾರೋ ಹೇಳಿದ್ದನ್ನು ನಂಬಿರಬೇಕು, ಕೆಲಸದ ಒತ್ತಡ ಎಂದು ತಾನೇ ನೆಪ ಹುಡುಕಿದಳು. ಆದರೆ 'ನಾನೇ ಬಿಚ್ಚಿ ನೋಡ್ದೆ' ಅನ್ನುವ ಮಾತು ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಇಂಜಿನ್ನಿಗೆ ಕಿಡಿ ಕೊಡುವ ಪ್ಲಗ್ಗು ತೆಗೆದು, ಆ ತೂತಿಗೆ ಹೆಬ್ಬೆರಳು ಒತ್ತಿ ಸ್ಟಾರ್ಟರ್ ಅದುಮಿದಳು. ಗಾಳಿ ರಪ್ಪೆಂದು ಬೆರಳನ್ನು ತಳ್ಳಿತು. ವಾಲ್ವು ಬಗ್ಗಿದ ಇಂಜಿನ್ನಿಗೆ ಇಷ್ಟು ಕಸುವು ಎಲ್ಲಿಂದ ಬರಬೇಕು? ಆಮೇಲೆ ನೋಡಿದರೆ ಪ್ಲಗ್ಗಿಗೆ ಕಿಡಿಯೇ ಬರುತ್ತಿರಲಿಲ್ಲ. ಸೀಟು ಎತ್ತಿ ತಂತಿಯ ಜಾಡು ಹಿಡಿದು ಹೋದಳು. ಚೌಕಟ್ಟಿಗೆ ಉಜ್ಜಿ ಉಜ್ಜಿ ಒಂದು ತಂತಿ ತುಂಡಾಗಿತ್ತು. ಅಷ್ಟೇ. ಅದನ್ನು ಸುಲಿದು, ಸೇರಿಸಿ, ಟೇಪು ಸುತ್ತಿ, ಪ್ಲಗ್ಗು ಕೂರಿಸಿ ಸ್ಟಾರ್ಟರ್ ಒತ್ತಿದಳು. ಗಾಡಿ ಒಂದೇ ಏಟಿಗೆ ಎದ್ದು ಗುಡುಗಿತು.

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಗಂಡ ಹಿತ್ತಲ ಬಾಗಿಲಿಗೆ ಬಂದ. ಹೆಂಡತಿಯ ಗಾಡಿ ಬದುಕಿತು ಎಂದು ಸಂತೋಷಪಟ್ಟವನ ಮುಖ ಅದಾಗಿರಲಿಲ್ಲ. ಅವಳು ಅದನ್ನು ನೋಡಿದಳು, ನೋಡದವಳ ಹಾಗೆ ಗಾಡಿ ಏರಿ ಹೊರಟಳು.

ಶೋರೂಮಿನ ಹಿಂದಿನ ಶೆಡ್ಡಿನಲ್ಲಿ ತಮ್ಮ ಕೈ ಒರೆಸಿಕೊಳ್ಳುತ್ತ ನಿಂತಿದ್ದ. ಗಾಡಿಯ ಸದ್ದಿಗೆ ತಿರುಗಿದವನು ಅಲ್ಲೇ ಕಲ್ಲಾದ.

"ನಿಮ್ಮ ಮಾಲೀಕ ಹೇಳ್ಸಿದ್ನಾ?" ಅವಳು ಕೇಳಿದಳು. ಹೌದು ಅಂದುಬಿಡು ಮಾರಾಯ ಎಂದು ಮನಸ್ಸು ಬೇಡಿಕೊಳ್ಳುತ್ತಿತ್ತು.

ಅವನು ಇಲ್ಲವೆಂದು ತಲೆಯಾಡಿಸಿದ. ಮಾಲೀಕನಿಗೆ ಇದರ ವಿಷಯವೇ ಗೊತ್ತಿಲ್ಲವಂತೆ. ಭಾವ ಬಂದು ಕೂತು ಕಣ್ಣೀರು ಹಾಕಿದರಂತೆ. ಗುಡ್ಡಕ್ಕೆ ಹೋಗಬೇಡ ಅಂದರೆ ಅವಳು ಕೇಳುವವಳಲ್ಲ, ರಿಪೇರಿ ಆಗಲ್ಲ ಅಂದುಬಿಡು, ಅದೂ ಅವಳಿಂದಲೇ ಕೆಟ್ಟಿದ್ದು ಅಂತ ಹೇಳಿದರೆ ಇನ್ನೊಂದು ಗಾಡಿಯ ಮಾತೂ ಎತ್ತಲ್ಲ ಅಂದರಂತೆ. ಎಲ್ಲ ನಿನ್ನ ಒಳ್ಳೆಯದಕ್ಕೇ ಎಂದು ಅವನು ನೆಲಕ್ಕೆ ಹೇಳಿದ.

"ಆ ಗೆರೆ ನಿಂಗೂ ಗೊತ್ತಲ್ಲೋ. ಸುಳ್ಳಿಗಾದ್ರೂ ಒಂದು ಬೋಲ್ಟು ತಿರುಗಿಸಬಾರ್ದಿತ್ತಾ?"

ಅವನು ಕೈ ಒರೆಸಿಕೊಳ್ಳುತ್ತಿದ್ದ ಬಟ್ಟೆಯನ್ನು ಮಡಚಿದ.

"ಬೇಕು ಅನ್ನಿಸ್ಲಿಲ್ಲ ಅಕ್ಕ. ನಾನು ಹೇಳಿದ್ರೆ ನೀನು ನೋಡೋಕೂ ಹೋಗಲ್ಲ ಅಂತ ಗೊತ್ತಿತ್ತು."

ಆ ಮಾತು ಅವಳ ಕರುಳಿಗೆ ಹೋಗಿ ನಾಟಿತು. ಸ್ಪ್ಯಾನರ್ ಹಿಡಿಯುವುದನ್ನು ಇವನ ಪುಟ್ಟ ಕೈಗೆ ಕಲಿಸಿದ್ದೇ ಅವಳು. ಗಾಡಿ ತಿರುಗಿಸಿಕೊಂಡು ಬಂದಳು.

ಮನೆಯಲ್ಲಿ ಗಂಡ ಅರ್ಧ ಹೊಲಿದ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದ. ನಿನ್ನ ಭುಜ ಮುರಿದಾಗ ಆಸ್ಪತ್ರೆಯ ಬಾಗಿಲ ಹೊರಗೆ ನಿಂತ ಆ ದಿನ ತನಗೇನಾಯಿತು ಅಂತ ನಿನಗೇನು ಗೊತ್ತು ಎಂದು ಶುರು ಮಾಡಿದ. ಅವನ ಹೆದರಿಕೆ ನಾಟಕವಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

"ಹೋಗ್ಬೇಡ ಅಂದಿದ್ರೆ ಜಗಳ ಆಡ್ತಿದ್ದೆ ರೀ. ಸೋಲ್ತಿದ್ನೋ ಗೆಲ್ತಿದ್ನೋ, ಎದುರೆದುರೇ ಆಗ್ತಿತ್ತು. ನನ್ನ ಕೈಯೇ ಸರಿಯಿಲ್ಲ ಅಂತ ನನ್ನನ್ನೇ ನಂಬಿಸಿದ್ರಲ್ಲ. ನಾನು ಬಲ್ಬು ಹಾಕೋಕೂ ನಿಮ್ಮನ್ನ ಕರೀತಿದ್ದೆ. ನೀವು ಬಂದು ಹಾಕಿಕೊಡ್ತಿದ್ರಿ."

ಅವನು ತಪ್ಪಾಯಿತು ಎಂದ. ಅವಳು ಅವನ ಎದುರೇ ಸೂಪರ್‌ವೈಸರಿಗೆ ಫೋನು ಮಾಡಿ, ನಾಳೆಯಿಂದ ಬರುತ್ತೇನೆ, ಯಾರನ್ನೂ ಹುಡುಕಬೇಡಿ ಎಂದಳು.

ಬೆಳಿಗ್ಗೆ ಅವಳು ಹೊರಡುವಷ್ಟರಲ್ಲಿ ಗಂಡ ಆಗಲೇ ಎದ್ದು ಹಿತ್ತಲಿನಲ್ಲಿದ್ದ. ಡೀಸೆಲ್ ಕ್ಯಾನುಗಳನ್ನು ಹಗ್ಗ ಹಾಕಿ ಕಟ್ಟಿದ್ದ. ನೀರಿನ ಬಾಟಲಿ ಇಟ್ಟಿದ್ದ. ಅವಳ ಮುಖ ನೋಡಲು ಧೈರ್ಯ ಸಾಲದೆ, ಗಾಡಿ ನೋಡುತ್ತ ಮಾತಾಡಿದ.

"ಬ್ರೇಕು, ಗಾಳಿ ಎಲ್ಲ ನೋಡಿದೀನಿ. ಸರಿಯಿದೆ."

ಅವಳು ಆಗಲೇ ಗಾಡಿ ಏರಿ ಕೂತಿದ್ದಳು. ಸ್ವಲ್ಪ ಹೊತ್ತು ಹಾಗೇ ಕೂತಳು. ಆಮೇಲೆ ಕೆಳಗಿಳಿದಳು. ಬ್ರೇಕು ಹಿಡಿದು ಗಾಡಿ ತಳ್ಳಿ ನೋಡಿದಳು. ಒಂದೊಂದೇ ಟೈರಿನ ಬಳಿ ಬಗ್ಗಿ ಒತ್ತಿದಳು. ಹಗ್ಗದ ಗಂಟುಗಳನ್ನು ಬಿಚ್ಚಿ ತಾನೇ ಮತ್ತೆ ಕಟ್ಟಿದಳು. ಗಂಡ ಪಕ್ಕದಲ್ಲಿ ಕೈಕಟ್ಟಿ ನಿಂತು ಅಷ್ಟನ್ನೂ ನೋಡಿದ. ಎಲ್ಲವೂ ಅವನು ಹೇಳಿದ ಹಾಗೇ ಸರಿಯಾಗಿತ್ತು.